ನೀರು ಕುಡಿಯದ ಟೈಲ್: ವಿಜಯಪುರದ ಮನೆಯೊಂದರಲ್ಲಿ ನೆಲ ಎದ್ದು ನಿಂತ ಪ್ರಕರಣ

ಮೇ ತಿಂಗಳ ಎರಡನೆಯ ವಾರ, ಮಧ್ಯಾಹ್ನ ಮೂರರ ಸುಮಾರು. ಊಟ ಮುಗಿಸಿ ಅಡ್ಡಾಗಿದ್ದಾಗ ಫೋನ್ ಬಂತು. "ಪಡಸಾಲೆಯಲ್ಲಿ ಢಂ ಎಂದು ಸದ್ದಾಯಿತು. ನೆಲ ಮೇಲಕ್ಕೆ ಎದ್ದು ನಿಂತಿದೆ. ಸ್ವಲ್ಪ ಬಂದು ನೋಡುತ್ತೀರಾ?" ಎಂದರು ಪರಿಚಯದ ನಿವೃತ್ತ ಮಾಸ್ತರರು. ಸೋಲಾಪುರ ರಸ್ತೆಯ ಕಡೆ ಅವರು ಮನೆ ಕಟ್ಟಿಸಿ, ಸಂಕ್ರಾಂತಿ ಮುಗಿದ ಮೇಲೆ ವಾಸ್ತುಶಾಂತಿ ಮಾಡಿಸಿ, ಆಗಿನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಸದ್ದು ಕೇಳಿ ಸಿಲಿಂಡರ್ ಸಿಡಿಯಿತೆಂದು ಅವರ ಮನೆಯವರು ಅಡುಗೆಮನೆಗೆ ಓಡಿದ್ದರಂತೆ. ಅಲ್ಲಿ ಹಾಲು ಕೂಡ ಉಕ್ಕಿರಲಿಲ್ಲ.

ಆ ಮನೆ ನನ್ನ ಮೇಲ್ವಿಚಾರಣೆಯದಲ್ಲ. ಊರಿನಲ್ಲಿ ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುವ ಕೆಲಸ ಮಾಡುತ್ತಿರುವುದರಿಂದ, ಬೇರೆಯವರು ಕಟ್ಟಿದ ಮನೆಗಳ ಕಾಯಿಲೆ ನೋಡಲೂ ಕರೆ ಬರುತ್ತದೆ. ಹೋಗಿ ನೋಡಿದೆ. ಪಡಸಾಲೆ 22 ಅಡಿ ಉದ್ದ, 13 ಅಡಿ ಅಗಲ. ಎರಡು ಅಡಿಗೆ ನಾಲ್ಕು ಅಡಿಯ ಬಿಳಿ ಟೈಲ್‌ಗಳು, ಹೊಳಪು ಕನ್ನಡಿಯಂತೆ. ಪಶ್ಚಿಮದ ಕಿಟಕಿಯ ಕಡೆಯಿಂದ ಮೂರನೆಯ ಮತ್ತು ನಾಲ್ಕನೆಯ ಟೈಲ್ ಕೂಡುವ ಗೆರೆಯಲ್ಲಿ, ಸಾಲಾಗಿ ನಾಲ್ಕು ಜೋಡಿ ಟೈಲ್‌ಗಳು ಒಂದಕ್ಕೊಂದು ತಲೆ ಆನಿಸಿಕೊಂಡು ಗುಡಾರದಂತೆ ನಿಂತಿದ್ದವು. ಎರಡು ಮಾತ್ರ ಒಡೆದಿದ್ದವು. ಟೇಪ್ ಹಿಡಿದು ಅಳೆದರೆ ಎತ್ತರ 32 ಮಿಲಿಮೀಟರ್, ಒಂದೂಕಾಲು ಇಂಚು. ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಯ ಬೆಳಕು ಕಾಣಿಸುತ್ತಿತ್ತು.

ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿ ತೀರ್ಪು ಕೊಟ್ಟಾಗಿತ್ತು: ಎರೆಮಣ್ಣು ಎದ್ದಿದೆ. ನಮ್ಮ ಜಿಲ್ಲೆಯಲ್ಲಿ ಗೋಡೆ ಬಿರಿದರೂ ಬಾಗಿಲು ಹಿಡಿದರೂ ದೂರು ಎರೆಮಣ್ಣಿನ ಮೇಲೆಯೇ. ಬಹಳ ಸಲ ಅದು ನಿಜವೂ ಹೌದು. ನೀರು ಕುಡಿದರೆ ಉಬ್ಬುವ, ಒಣಗಿದರೆ ಕೈ ತೂರುವಷ್ಟು ಬಿರಿಯುವ ಮಣ್ಣು ಅದು. ಆದರೆ ಎರೆಭೂಮಿ ಉಬ್ಬುವುದು ಮಳೆಗಾಲದಲ್ಲಿ. ಮೇ ತಿಂಗಳಲ್ಲಿ ಅದು ಕುಗ್ಗಿ ಬಾಯಿ ಬಿಟ್ಟಿರುತ್ತದೆ, ಮೇಲಕ್ಕೆ ತಳ್ಳುವುದಿಲ್ಲ. ಇನ್ನೊಂದು ಸುಲಭದ ಪರೀಕ್ಷೆಯೂ ಇದೆ. ಎದ್ದ ಟೈಲ್ ತೆಗೆದು ಅದರ ಕೆಳಗಿನ ಸಿಮೆಂಟ್-ಉಸುಕಿನ ಮಾಲಿನ ಹಾಸಿನ ಮೇಲೆ ಆರು ಅಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದೆ. ಪಟ್ಟಿಯ ಕೆಳಗೆ ಒಂದು ನಾಣ್ಯವೂ ಹೋಗಲಿಲ್ಲ. ಭೂಮಿ ಎದ್ದಿದ್ದರೆ ಹಾಸೂ ಎದ್ದಿರಬೇಕಿತ್ತು. ಹಾಸು ತನ್ನ ಪಾಡಿಗೆ ತಾನು ಮಲಗಿತ್ತು, ಎದ್ದದ್ದು ಟೈಲ್ ಮಾತ್ರ.

ಪ್ರಕರಣದ ಗುಟ್ಟು ತೆಗೆದ ಟೈಲಿನ ಬೆನ್ನಿನಲ್ಲಿತ್ತು. ನಾಲ್ಕು ತಿಂಗಳು ಸಿಮೆಂಟಿನ ಮೇಲೆ ಕೂತಿದ್ದ ಟೈಲ್ ಅದು. ಬೆನ್ನು ಊಟ ಮಾಡಿ ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛ. ಹಾಸಿನ ಮೇಲೆ ಸುರಿದಿದ್ದ ಸಿಮೆಂಟ್ ತಿಳಿಯಲ್ಲಿ, ಅಂದರೆ ನೀರಿನಲ್ಲಿ ಕಲಸಿದ ಬರೀ ಸಿಮೆಂಟಿನಲ್ಲಿ, ಟೈಲಿನ ಬೆನ್ನಿನ ಚೌಕಳಿ ಗೆರೆಗಳೆಲ್ಲ ಶಾವಿಗೆಯಷ್ಟು ನಯವಾಗಿ ಅಚ್ಚೊತ್ತಿದ್ದವು. ತಿಳಿ ಎಲ್ಲ ಕಡೆ ತಾಗಿದ್ದಕ್ಕೆ ಅದೇ ಸಾಕ್ಷಿ. ತಾಗಿತ್ತು, ಹಿಡಿದಿರಲಿಲ್ಲ. ಬೆರಳಿನಿಂದ ಬೆನ್ನು ಉಜ್ಜಿದೆ, ತುದಿಗೆ ಬಿಳಿ ಪುಡಿ ಹತ್ತಿತು. ಭಟ್ಟಿಯ ಉರುಳೆಗಳಿಗೆ ಟೈಲ್ ಅಂಟದಿರಲೆಂದು ಕಾರ್ಖಾನೆಯವರು ಬೆನ್ನಿಗೆ ಬಳಿಯುವ ಲೇಪದ ಉಳಿಕೆ ಅದು. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಇಲ್ಲಿ ಯಾರೂ ಒರೆಸಿರಲಿಲ್ಲ.

ಮರುದಿನ ಗೌಂಡಿಯನ್ನು ಕರೆಸಿದರು. ಐವತ್ತೈದು ದಾಟಿದ ಮನುಷ್ಯ. ಮೂವತ್ತು ವರ್ಷ ಶಹಾಬಾದ್ ಫರಸಿ, ಆಮೇಲೆ ಸಿರಾಮಿಕ್ ಟೈಲ್ ಕೂರಿಸಿದ ಕೈ. ಬಂದವರೇ ಅಂಗಳದಲ್ಲಿ ನಿಂತರು, ಒಳಗೆ ಬರಲಿಲ್ಲ. ಬೈಗುಳ ಕೇಳಲು ಸಿದ್ಧರಾಗಿ ಬಂದ ಮುಖ ಅದು.

"ಕಾಕಾ, ಟೈಲ್ ನೆನೆಸಿದ್ದಿರಾ?" ಎಂದೆ.

"ನೆನೆಸದೆ ಕೂರಿಸುತ್ತೇನೆಯೇ ಸಾಹೇಬರೇ? ಇಟ್ಟಿಗೆ ಒಟ್ಟಿ, ತಾಡಪತ್ರಿ ಹಾಸಿ, ತೊಟ್ಟಿ ಮಾಡಿ ರಾತ್ರಿಯೆಲ್ಲ ನೆನೆ ಇಟ್ಟಿದ್ದೆ. ತಿಳಿಗೂ ಕೈ ಹಿಡಿಯಲಿಲ್ಲ. ಬರೀ ಸಿಮೆಂಟು, ಉಸುಕಿನ ಕಾಳಿಲ್ಲ."

ಅವರ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೈಗಳ್ಳತನದಿಂದ ಕೆಟ್ಟ ಕೆಲಸವಲ್ಲ ಅದು. ಶ್ರದ್ಧೆಯಿಂದ ಮಾಡಿ ಕೆಟ್ಟದ್ದು. ಹಾಗಾಗಿ ವಾದ ಬೇಡವೆಂದು ಮೂಲೆಯ ಕಿರಾಣಿ ಅಂಗಡಿಯ ತಕ್ಕಡಿಗೆ ಮೊರೆ ಹೋದೆವು. ಮಾಸ್ತರರ ಹಳೆಯ ಮನೆಯ ಅಡುಗೆಕಟ್ಟೆ ಒಡೆದಾಗ ಉಳಿದಿದ್ದ ಸಿರಾಮಿಕ್ ಗೋಡೆ ಟೈಲಿನ ಚೂರುಗಳು ಒಂದು ಕಿಲೋ. ಒಡೆದ ಹೊಸ ಟೈಲಿನ ಚೂರುಗಳು ಒಂದು ಕಿಲೋ. ಎರಡನ್ನೂ ಬೇರೆ ಬೇರೆ ಬಕೆಟ್‌ನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಿಂದ ಒರೆಸಿ ಮತ್ತೆ ತೂಗಿದೆವು. ಸಿರಾಮಿಕ್ ಚೂರುಗಳು 1 ಕಿಲೋ 130 ಗ್ರಾಂ ತೂಗಿದವು. ಹೊಸ ಟೈಲಿನ ಚೂರುಗಳಿಗೆ ತಕ್ಕಡಿ ತೋರಿಸಿದ್ದು ಎರಡು ಗ್ರಾಂ ಹೆಚ್ಚು. ಗೌಂಡಿ ಕಾಕಾ ಎರಡು ಸಲ ಕೆಳಗಿಳಿಸಿ ಎರಡು ಸಲ ಏರಿಸಿ ನೋಡಿದರು. ಅಂಗಡಿಯವನು ತನ್ನ ತಕ್ಕಡಿಯ ಮೇಲೆ ಸಂಶಯವೆಂದು ಮುಖ ಬಿಗಿ ಮಾಡಿಕೊಂಡ.

ಮಾಸ್ತರರ ಹೊಸ ಟೈಲ್ ವಿಟ್ರಿಫೈಡ್. ನಮ್ಮ ಅಂಗಡಿಗಳಲ್ಲಿ ಹಾಗೆನ್ನುವುದು, ಬೇರೆ ದೇಶಗಳಲ್ಲಿ ಪೋರ್ಸಲಿನ್ ಎನ್ನುವುದು ಒಂದೇ ಜಾತಿ. ಕನ್ನಡದಲ್ಲಿ ಹೇಳುವುದಾದರೆ ಪಿಂಗಾಣಿ. ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿಯನ್ನು ಒತ್ತಿ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟಾಗ ಒಳಗೆಲ್ಲ ಗಾಜುಗಟ್ಟಿ ರಂಧ್ರಗಳು ಮುಚ್ಚಿಹೋಗುತ್ತವೆ. ತನ್ನ ತೂಕದ 0.5 ಪ್ರತಿಶತಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ಈ ಜಾತಿಗೆ ಇರುವ ಅಳತೆ. ಗೋಡೆಗೆ ಹಚ್ಚುವ ಸಾಮಾನ್ಯ ಸಿರಾಮಿಕ್ 10 ಪ್ರತಿಶತಕ್ಕಿಂತ ಹೆಚ್ಚು ಹೀರುತ್ತದೆ. ಸಿಮೆಂಟ್ ತಿಳಿಯ ಹಿಡಿತವೆಲ್ಲ ಆ ಹೀರುವಿಕೆಯಲ್ಲಿದೆ. ತಿಳಿ ರಂಧ್ರದೊಳಗೆ ಇಳಿದು ಅಲ್ಲಿ ಹರಳುಗಟ್ಟಿ ಬೇರು ಬಿಟ್ಟಂತೆ ಹಿಡಿಯುತ್ತದೆ. ಒಣ ಸಿರಾಮಿಕ್ ಆ ತಿಳಿಯ ನೀರನ್ನೆಲ್ಲ ಒಮ್ಮೆಲೇ ಎಳೆದುಕೊಂಡು ಸಿಮೆಂಟನ್ನು ಬೂದಿ ಮಾಡುತ್ತದೆಂದೇ ನೆನೆಸುವ ಪದ್ಧತಿ ಬಂದದ್ದು. ಆ ಟೈಲಿಗೆ ಅದು ಸರಿ. ಪಿಂಗಾಣಿಗೆ ಬೇರು ಬಿಡಲು ಸಂದಿಯೇ ಇಲ್ಲ. ಉಪ್ಪಿನಕಾಯಿ ಭರಣಿಗೆ ಸಿಮೆಂಟ್ ಹಚ್ಚಿ ಒಣಗಿಸಿ ಬೆರಳಿನಿಂದ ಕಿತ್ತು ನೋಡಿ, ಸಿಪ್ಪೆಯಂತೆ ಬರುತ್ತದೆ. ನೆನೆಸಿದ್ದರಿಂದ ಇಲ್ಲಿ ಆದದ್ದಿಷ್ಟೇ: ಬೆನ್ನಿನ ಮೇಲೆ ನೀರಿನ ಪೊರೆ ಉಳಿದು ಅರೆಬರೆ ಹಿಡಿತವೂ ತಪ್ಪಿತು. ಮಾಸ್ತರರು ಹೆಚ್ಚು ದುಡ್ಡು ಕೊಟ್ಟು ಕೊಂಡದ್ದು ಇದೇ ಗುಣಕ್ಕೆ, ಕಲೆ ಹತ್ತಬಾರದು, ನೀರು ಇಂಗಬಾರದು ಎಂದು. ಆ ಗುಣವೇ ಸಿಮೆಂಟನ್ನೂ ಹೊರಗೆ ನಿಲ್ಲಿಸಿತ್ತು.

ಹಿಡಿಯದ ಟೈಲ್ ಸುಮ್ಮನೆ ಮಲಗಿರಬಹುದಿತ್ತು, ಎದ್ದದ್ದೇಕೆ? ಟೈಲ್ ಕೂರಿಸಿದ್ದು ಜನವರಿಯಲ್ಲಿ, ಚಳಿಯ ಬೆಳಗಿನಲ್ಲಿ, ಒಂದಕ್ಕೊಂದು ಅಂಟಿಸಿ, ನಡುವೆ ಕೂದಲೆಳೆಯ ಸಂದಿಯೂ ಕಾಣದಂತೆ. ಅಂಗಡಿಯವರು ಸಂದಿಯೇ ಬೇಡವೆಂದಿದ್ದರಂತೆ. ನಾಲ್ಕೂ ಗೋಡೆಗೆ ಒತ್ತಿ, ಮೇಲೆ ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಪಟ್ಟಿ ಕೂರಿಸಿ ಬಿಗಿದಿದ್ದರು. ಮೇ ತಿಂಗಳಲ್ಲಿ ವಿಜಯಪುರದ ಪಾದರಸ 40 ದಾಟುತ್ತದೆ, ಪಶ್ಚಿಮದ ಕಿಟಕಿಯ ಬಿಸಿಲು ನೇರವಾಗಿ ನೆಲಕ್ಕೆ. ಒಂದು ಮೀಟರ್ ಪಿಂಗಾಣಿ ಒಂದು ಡಿಗ್ರಿ ಬಿಸಿಗೆ ಮಿಲಿಮೀಟರ್‌ನ ಸಾವಿರದಲ್ಲಿ ಏಳು ಭಾಗದಷ್ಟು ಹಿಗ್ಗುತ್ತದೆ. 22 ಅಡಿ ಎಂದರೆ 6.7 ಮೀಟರ್, 25 ಡಿಗ್ರಿ ಏರಿಕೆ, ಒಟ್ಟು ಹಿಗ್ಗು 1.2 ಮಿಲಿಮೀಟರ್ ಆಸುಪಾಸು. ಇಷ್ಟೇನಾ ಎಂದರು ಮಾಸ್ತರರು. ಗಣಿತ ಕಲಿಸಿದವರಾದ್ದರಿಂದ ಕಾಗದ ಪೆನ್ಸಿಲ್ ಅವರ ಕೈಗೇ ಕೊಟ್ಟೆ. ನಾಲ್ಕು ಅಡಿಯ ಎರಡು ಟೈಲ್ ತಲೆಗೆ ತಲೆ ಆನಿಸಿ, ಬುಡಗಳನ್ನು ಒಟ್ಟು 1.2 ಮಿಲಿಮೀಟರ್ ಹತ್ತಿರ ತಂದರೆ ನಡುವಿನ ಎತ್ತರ ಎಷ್ಟು? ಲಂಬಕೋನ ತ್ರಿಭುಜ, ಬೋಧಾಯನರ ಲೆಕ್ಕ. ಬಂದ ಉತ್ತರ 38 ಮಿಲಿಮೀಟರ್. ನೆಲದ ಮೇಲೆ ಅಳೆದದ್ದು 32. ಸ್ವಲ್ಪ ಹೊತ್ತು ಅವರು ಕನ್ನಡಕ ತೆಗೆದು ಕೂತರು. ತಮ್ಮ ಮನೆ ಹಾಳಾದುದಕ್ಕಿಂತ ಉತ್ತರ ಹತ್ತಿರ ಬಂದ ಖುಷಿಯೇ ಹೆಚ್ಚಾದಂತೆ ನನಗೆ ಕಂಡಿತು. ಮಾಲಿನ ಹಾಸು ಒಣಗುತ್ತ ಕುಗ್ಗುವುದೂ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ಕೆಳಗಿನದು ಚಿಕ್ಕದಾಗುತ್ತ, ಮೇಲಿನದು ದೊಡ್ಡದಾಗುತ್ತ ಹೋಗುತ್ತದೆ.

ಆಗ ಮನೆಯವರು ಇನ್ನೊಂದು ಸಂಗತಿ ಬಾಯಿಬಿಟ್ಟರು. ಮಾರ್ಚ್‌ನಲ್ಲಿ ಒಂದು ರಾತ್ರಿ ಬಚ್ಚಲುಮನೆಯ ಗೋಡೆಯಿಂದ ಒಂದು ಟೈಲ್ ಕಳಚಿ ಬಿದ್ದಿತ್ತು. ಬೆಕ್ಕು ಕೆಡವಿರಬೇಕೆಂದು ಸುಮ್ಮನಾಗಿದ್ದರು. ಏಳು ಅಡಿ ಎತ್ತರದಿಂದ ಟೈಲ್ ಕೆಡವುವ ಬೆಕ್ಕು ನಾನಿನ್ನೂ ನೋಡಿಲ್ಲ. ಎರಡಕ್ಕೆ ನಾಲ್ಕು ಅಡಿಯ ಒಂದು ಟೈಲ್ ಹದಿನಾಲ್ಕು ಹದಿನೈದು ಕಿಲೋ ತೂಗುತ್ತದೆ. ಕೆಳಗೆ ಯಾರಾದರೂ ಸ್ನಾನಕ್ಕೆ ಕೂತಿದ್ದರೆ ಈ ಬರಹದ ಧಾಟಿ ಬೇರೆಯಾಗಿರುತ್ತಿತ್ತು. ಒಂದು ರೂಪಾಯಿ ನಾಣ್ಯ ಹಿಡಿದು ಗೋಡೆಯನ್ನೆಲ್ಲ ತಟ್ಟಿದೆ. ಗಟ್ಟಿ ಕೂತಲ್ಲಿ ಟಕ್ ಎಂಬ ಬಿಗಿ ಸದ್ದು, ಟೊಳ್ಳಿದ್ದಲ್ಲಿ ಒಣ ಕುಂಬಳದ ಸದ್ದು. ಗೋಡೆಯ ಮುಕ್ಕಾಲು ಭಾಗ ಕುಂಬಳವೇ. ನೆಲದಲ್ಲಿ ತಿಳಿಯಾದರೂ ಪೂರ್ತಿ ಹರಡಿತ್ತು. ಇಲ್ಲಿ ಬೆನ್ನಿಗೆ ಐದು ಕಡೆ ಮಾಲಿನ ಉಂಡೆ ಇಟ್ಟು ಗೋಡೆಗೆ ಒತ್ತಿದ್ದರು, ಕುಳ್ಳು ತಟ್ಟಿದ ಹಾಗೆ. ಬಚ್ಚಲಿನ ಗೋಡೆಯ ಟೈಲೆಲ್ಲ ತೆಗೆಯುವವರೆಗೆ ಸ್ನಾನ ಹಿತ್ತಲಿನಲ್ಲಿ ಎಂದು ಆ ದಿನವೇ ಹೇಳಿ ಬಂದೆ.

ಟೈಲ್ ಆರಿಸಿದ ಬಗೆಯ ಬಗ್ಗೆಯೂ ನನಗೆ ತಕರಾರಿತ್ತು. ಅಂಗಡಿಯ ದೀಪದ ಕೆಳಗೆ ಎಲ್ಲ ಟೈಲೂ ಮದುಮಗಳೇ. ಇವರು ಮೆಚ್ಚಿದ್ದು ಗ್ಲೇಜಿನ ಮೇಲೆ ಮತ್ತೆ ಪಾಲಿಶ್ ಹಿಡಿಸಿದ, ಅಮೃತಶಿಲೆಯ ಗೆರೆ ಮುದ್ರಿಸಿದ ಬಗೆ. ಚಿತ್ರವೆಲ್ಲ ಇರುವುದು ಮೇಲಿನ ತೆಳು ಗಾಜಿನ ಪದರದಲ್ಲಿ. ನಮ್ಮೂರಿನ ಬೀದಿಯ ಧೂಳಿನಲ್ಲಿ ಬೆಣಚಿನ ಉಸುಕಿದೆ. ಬೆಣಚು ಗಡಸುತನದ ಮೋಸ್ ಪಟ್ಟಿಯಲ್ಲಿ 7, ಗ್ಲೇಜ್ ಸಾಮಾನ್ಯವಾಗಿ ಅದಕ್ಕಿಂತ ಮೆತ್ತಗೆ. ಚಪ್ಪಲಿಗಂಟಿದ ಆ ಕಾಳು ದಿನಾ ಗೆರೆ ಎಳೆಯುತ್ತದೆ. ತಲಬಾಗಿಲ ಎದುರಿನ ಟೈಲಿನ ಮೇಲೆ ನಾಲ್ಕೇ ತಿಂಗಳಲ್ಲಿ, ಸಂಜೆಯ ಓರೆ ಬಿಸಿಲು ಬಿದ್ದಾಗ, ಜೇಡರಬಲೆಯಂಥ ಗೆರೆಗಳು ಕಾಣುತ್ತಿದ್ದವು. ಸವೆತಕ್ಕೆ ಗ್ಲೇಜ್ ಎಷ್ಟು ತಡೆಯುತ್ತದೆಂದು ಹೇಳುವ ಪಿಇಐ ದರ್ಜೆ ಇದೆ, 5 ಅದರಲ್ಲಿ ಮೇಲಿನದು. ಮನೆಯ ಪಡಸಾಲೆಗೆ 4 ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಉತ್ತರ ಸಿಗದಿದ್ದರೆ ಒಂದು ಮಾದರಿ ತುಂಡು ಬೇಡಿ ತಂದು, ಮನೆಯ ಮುಂದಿನ ಉಸುಕು ಚಿಟಿಕೆ ಹಾಕಿ ಚಪ್ಪಲಿಯಿಂದ ತಿಕ್ಕಿ ನೋಡಿ. ನನಗೆ ಆ ಪರೀಕ್ಷೆಯ ಮೇಲೆಯೇ ಹೆಚ್ಚು ನಂಬಿಕೆ. ಹೊಳಪು ಕಡಿಮೆಯಿರುವ ಮ್ಯಾಟ್ ಗ್ಲೇಜ್ ಗೆರೆಯನ್ನು ನುಂಗಿಕೊಳ್ಳುತ್ತದೆ.

ಇನ್ನೂ ಕೆಟ್ಟ ನಿರ್ಧಾರವೆಂದರೆ ಪಡಸಾಲೆಯಲ್ಲಿ ಉಳಿದ ಅದೇ ಹೊಳಪಿನ ಟೈಲನ್ನು ಬಚ್ಚಲಿನ ನೆಲಕ್ಕೂ ಹಾಕಿಸಿದ್ದು. ಅದರ ಮೇಲೆ ಸಾಬೂನಿನ ನೀರು ಬಿದ್ದರೆ ಬಾಳೆಲೆಗೆ ತುಪ್ಪ ಸವರಿದಂತೆ. ಜಾರದಿರಲೆಂದು ಮನೆಯವರು ಅದರ ಮೇಲೆ ಪ್ಲಾಸ್ಟಿಕ್ ಚಾಪೆ ಹಾಸಿಕೊಂಡಿದ್ದರು. ಟೈಲ್ ಯಾಕೆ ಬೇಕಿತ್ತು ಮತ್ತೆ?

ದುರಸ್ತಿಯ ಲೆಕ್ಕಕ್ಕೆ ಕೂತಾಗ ಒಂದು ತಮಾಷೆ ಎದುರಾಯಿತು. ಟೈಲ್‌ಗಳು ಹಿಡಿದಿರಲಿಲ್ಲವಾದ್ದರಿಂದ ಬಹುತೇಕ ಎಲ್ಲವೂ ಇಡಿಯಾಗಿ ಎದ್ದು ಬಂದವು. ಚೆನ್ನಾಗಿ ಕೂರಿಸಿದ್ದರೆ ಒಂದೊಂದನ್ನೂ ಸುತ್ತಿಗೆಯಿಂದ ಪುಡಿ ಮಾಡಬೇಕಾಗುತ್ತಿತ್ತು. ಪಡಸಾಲೆಯಲ್ಲಿ ಒಟ್ಟು ಆರು ಟೈಲ್ ಹಾಳಾದವು, ಅಷ್ಟೇ. ಮಾಸ್ತರರ ಬಳಿ ಉಳಿದದ್ದು ಒಂದು ಪೆಟ್ಟಿಗೆ, ಅದರಲ್ಲಿ ಎರಡು ಟೈಲ್. ಅಂಗಡಿಯಲ್ಲಿ ಅದೇ ಹೆಸರಿನ ಟೈಲ್ ಇತ್ತು. ಆದರೆ ಪೆಟ್ಟಿಗೆಯ ಮೇಲೆ ಶೇಡ್ ಸಂಖ್ಯೆ ಬೇರೆ. ಎರಡನ್ನೂ ಅಂಗಳದ ಬಿಸಿಲಿಗೆ ಅಕ್ಕಪಕ್ಕ ಇಟ್ಟಾಗ ಒಂದು ಹಾಲು, ಒಂದು ಮಜ್ಜಿಗೆ. ಒಂದೇ ನಮೂನೆಯಾದರೂ ಒಂದೊಂದು ಭಟ್ಟಿಗೆ ಬಣ್ಣ ಕೂದಲೆಳೆ ಸರಿಯುತ್ತದೆ. ಮಜ್ಜಿಗೆ ಬಣ್ಣದ ನಾಲ್ಕನ್ನು ಸೋಫಾ ಇಡುವ ಗೋಡೆಯ ಕೆಳಗಿನ ಸಾಲಿಗೆ ಸೇರಿಸಿದೆವು. ಮನೆ ಕಟ್ಟಿಸುವವರು ಮೊದಲೇ ಹತ್ತಕ್ಕೆ ಒಂದು ಹೆಚ್ಚು ತಂದು ಅಟ್ಟದ ಮೇಲೆ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

ಸಿಮೆಂಟಿನ ಬದಲು ಟೈಲ್ ಅಂಟು ಆರಿಸಿದೆವು. ಇದರಲ್ಲೂ ಸಿಮೆಂಟ್ ಇರುತ್ತದೆ, ಜೊತೆಗೆ ಪಾಲಿಮರ್ ಬೆರೆತಿರುತ್ತದೆ. ರಂಧ್ರವಿಲ್ಲದ ಮೈಯನ್ನು ಹಿಡಿಯುವುದು ಆ ಪಾಲಿಮರ್. ಚೀಲದ ಮೇಲೆ ಐಎಸ್ 15477 ಎಂಬ ಮಾನಕದ ಸಂಖ್ಯೆ, ಅದರ ಪಕ್ಕದಲ್ಲಿ ಟೈಪ್ ಎಂದು ಇರುತ್ತದೆ. ಟೈಪ್ 1 ಸಾಮಾನ್ಯ ಸಿರಾಮಿಕ್‌ಗೆ ಸಾಕು, ವಿಟ್ರಿಫೈಡ್‌ಗೆ ಸಾಲದು. ನೆಲಕ್ಕೆ ಟೈಪ್ 2, ಗೋಡೆಯ ದೊಡ್ಡ ಟೈಲಿಗೆ ಟೈಪ್ 3 ತರಿಸಿದೆ. 20 ಕಿಲೋ ಚೀಲ ನಮಗೆ 40 ಚದರ ಅಡಿಗೆ ಬಂತು, ಪಡಸಾಲೆಗೆ ಏಳು ಚೀಲ ಮುಗಿದವು. ಹಳೆಯ ತಿಳಿಯ ಪದರವನ್ನು ಕೆರೆದು ತೆಗೆದು, ಹಾಸನ್ನು ಸುತ್ತಿಗೆಯಿಂದ ತಟ್ಟಿ, ಪುಡಿಯಾದ ಎರಡು ಕಡೆ ಹೊಸ ಮಾಲು ಹಾಕಿದೆವು. ಕಲಸಲು ಕೊಳವೆಬಾವಿಯ ಸವಳು ನೀರು ಬೇಡವೆಂದು ಟ್ಯಾಂಕರ್‌ನ ಸಿಹಿ ನೀರು ಹಿಡಿದಿಟ್ಟೆವು. ಸವಳು ನೀರಿನ ಉಪ್ಪು ಆಮೇಲೆ ಸಂದಿಗಳಲ್ಲಿ ಬೆಳ್ಳಗೆ ಮೂಡುತ್ತದೆ. ಅದನ್ನು ತೊಳೆಯಲು ಆ್ಯಸಿಡ್ ಸುರಿಯುತ್ತಾರೆ. ಆ್ಯಸಿಡ್ ಸಂದಿಯ ಸಿಮೆಂಟನ್ನೇ ತಿನ್ನುತ್ತದೆ.

ಕೆಲಸಕ್ಕೆ ಅದೇ ಗೌಂಡಿ ಕಾಕಾ. ಬೇರೆಯವರನ್ನು ಕರೆಸುತ್ತೇನೆಂದ ಮಾಸ್ತರರನ್ನು ನಾನೇ ತಡೆದೆ. ಲೆವೆಲ್ ಹಿಡಿಯುವುದರಲ್ಲಿ ಆ ಕೈಗೆ ಸಾಟಿ ಕಡಿಮೆ. ಎದ್ದ ಟೈಲಿನ ಕೆಳಗೂ ಹಾಸು ಗೆರೆ ಎಳೆದಂತಿತ್ತಲ್ಲ. ಆದರೆ ಅಂಟಿನಲ್ಲಿ ಗೆರೆ ಮೂಡಿಸುವ ಹಲ್ಲಿನ ಕರಣಿ ಅವರಿಗೆ ಹೊಸದು. ಮೊದಲ ದಿನ ಅಂಟನ್ನು ರಂಗೋಲಿಯ ಸುರುಳಿಯಂತೆ ಹರಡಿದರು. ಟೈಲ್ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ, ನೀಟಾಗಿ ಕಂಡಿತು. ಹೀಗೆ ಐದು ಟೈಲ್ ಮುಗಿದ ಮೇಲೆ ಐದನೆಯದನ್ನು ಎತ್ತಿ ಬೆನ್ನು ನೋಡೋಣ ಎಂದೆ. ಎತ್ತಿ ತಿರುಗಿಸಿದರೆ ಅಂಟು ಹತ್ತಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದಲ್ಲಿ ಸುರುಳಿಗಳ ನಡುವೆ ಗಾಳಿ ಸಿಕ್ಕಿಕೊಂಡು ಖಾಲಿ. ಒಣ ಜಾಗದಲ್ಲಿ ಕನಿಷ್ಠ 80, ನೀರು ಬೀಳುವ ಜಾಗದಲ್ಲಿ 95 ಪ್ರತಿಶತ ಅಂಟು ತಾಗಿರಬೇಕು. ಆಮೇಲೆ ಹಲ್ಲಿನ ಗೆರೆಗಳನ್ನೆಲ್ಲ ಒಂದೇ ದಿಕ್ಕಿಗೆ, ಟೈಲಿನ ಗಿಡ್ಡ ಬದಿಗೆ ಸಮನಾಗಿ ಎಳೆದೆವು. ಟೈಲಿನ ಬೆನ್ನು ಒರೆಸಿ ಅದಕ್ಕೂ ತೆಳ್ಳಗೆ ಅಂಟು ಸವರಿದೆವು. ಇಟ್ಟ ಮೇಲೆ ಗೆರೆಗೆ ಅಡ್ಡಲಾಗಿ ತುಸು ಹಿಂದೆಮುಂದೆ ಆಡಿಸಿ ಒತ್ತಿದೆವು. ಮುಂದಿನದನ್ನು ಎತ್ತಲು ಹೋದಾಗ ಮೇಲೇಳಲಿಲ್ಲ. ಇಬ್ಬರು ಕರಣಿ ತೂರಿಸಿ ಮೀಟಿದಾಗ ಬಂತು, ಬೆನ್ನೆಲ್ಲ ಬೂದುಬಣ್ಣ, ಒಂದೇ ಹದ. ಕಾಕಾ ಅದನ್ನು ಬಹಳ ಹೊತ್ತು ನೋಡಿದರು. "ರೊಟ್ಟಿ ಹೆಂಚಿಗೆ ಹಿಡಿದಂತೆ ಹಿಡಿದಿದೆ" ಎಂದರು. ಅಂದಿನಿಂದ ನಾನು ಹೇಳದಿದ್ದರೂ ಒಂದೊಂದು ಸಾಲಿಗೆ ಒಂದನ್ನು ಎತ್ತಿ ನೋಡುವುದು ಅವರ ರೂಢಿಯಾಯಿತು.

ಬಿಸಿಲು ನಮ್ಮ ದೊಡ್ಡ ಶತ್ರು. ಹರಡಿದ ಅಂಟು ಹತ್ತೇ ನಿಮಿಷದಲ್ಲಿ ಕೆನೆಗಟ್ಟುತ್ತಿತ್ತು. ಕೆನೆಗಟ್ಟಿದ ಅಂಟಿನ ಮೇಲೆ ಟೈಲ್ ಇಟ್ಟರೆ ಹಳೆಯ ಕಥೆಯೇ. ಬೆರಳಿನಿಂದ ಮುಟ್ಟಿ, ಬೆರಳಿಗೆ ಹತ್ತಿದರೆ ಮುಂದುವರಿಯುವುದು, ಇಲ್ಲದಿದ್ದರೆ ಕೆರೆದು ಎಸೆಯುವುದು ಎಂದು ಕರಾರು ಮಾಡಿಕೊಂಡೆವು. ಬೆಳಿಗ್ಗೆ ಆರರಿಂದ ಹತ್ತೂವರೆ, ಸಂಜೆ ಐದರ ಮೇಲೆ ಕೆಲಸ. ಪಶ್ಚಿಮದ ಕಿಟಕಿಗೆ ಒದ್ದೆ ಗೋಣಿತಟ್ಟು.

ಟೈಲ್‌ಗಳ ನಡುವೆ 3 ಮಿಲಿಮೀಟರ್ ಸಂದಿ ಬಿಟ್ಟೆವು. ಮನೆಯವರಿಗೆ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಗೆರೆ ಕಾಣುತ್ತದೆ, ಕೊಳೆ ಕೂರುತ್ತದೆ ಎಂದರು. ಸಂದಿಗೆ ಎಪಾಕ್ಸಿ ಗ್ರೌಟ್ ಎಂಬ ರಾಳದ ಮಸಾಲೆ ತುಂಬಿದ ಮೇಲೆ ಕೊಳೆಯ ದೂರು ನಿಂತಿತು, ಗೆರೆಯ ದೂರು ಉಳಿಯಿತು. ಗೋಡೆಯ ಸುತ್ತ 8 ಮಿಲಿಮೀಟರ್ ಖಾಲಿ ಜಾಗ ಬಿಟ್ಟು, ಅದನ್ನು ಮಾಲಿನಿಂದ ತುಂಬದೆ, ಸ್ಕರ್ಟಿಂಗ್ ಅದನ್ನು ಮುಚ್ಚುವಂತೆ ಮಾಡಿದೆವು. ಅಂಥ ಜಾಗ ಕಂಡರೆ ಗೌಂಡಿಗಳ ಕೈ ತಡೆಯುವುದಿಲ್ಲ, ಮಾಲು ಗಿಡಿದುಬಿಡುತ್ತಾರೆ. ಹಾಗಾಗಿ ಕೆಲಸ ಮುಗಿಯುವವರೆಗೆ ಅದರಲ್ಲಿ ಥರ್ಮಾಕೋಲ್ ಪಟ್ಟಿ ತುರುಕಿಟ್ಟಿದ್ದೆ.

ಬಚ್ಚಲಿನ ಗೋಡೆಗೆ ಗಿಲಾವು ತಟ್ಟಿ ನೋಡಿ, ಸಡಿಲವಿದ್ದಲ್ಲಿ ತೆಗೆದು ಹೊಸದು ಮಾಡಿ, ಅದು ಒಣಗಿದ ಮೇಲೆ ಟೈಲ್ ಏರಿಸಿದೆವು. ನೆಲಕ್ಕೆ ಒಂದಡಿ ಚೌಕದ ಮ್ಯಾಟ್ ಟೈಲ್. ನೀರು ಮೋರಿಗೆ ಹರಿಯಲು ಎಂಬತ್ತಕ್ಕೆ ಒಂದರ ಇಳಿಜಾರು ಬೇಕು, ಐದಡಿಗೆ ಮುಕ್ಕಾಲು ಇಂಚು. ನಾಲ್ಕು ದಿಕ್ಕಿನಿಂದ ಇಳಿಯುವ ನೆಲಕ್ಕೆ ನಾಲ್ಕಡಿಯ ಟೈಲ್ ಹೊಂದುವುದಿಲ್ಲ, ಚಿಕ್ಕದು ಹೊಂದುತ್ತದೆ. ಸಂದಿಗಳು ಹೆಚ್ಚಿದಷ್ಟು ಕಾಲಿಗೆ ಹಿಡಿತವೂ ಹೆಚ್ಚು. ಪ್ಲಾಸ್ಟಿಕ್ ಚಾಪೆ ಈಗ ಹಿತ್ತಲಿನಲ್ಲಿ ಹಪ್ಪಳ ಒಣಗಿಸಲು ಹೋಗಿದೆ.

ಮರುವರ್ಷ ಮೇ ತಿಂಗಳಲ್ಲಿ, ಬಿಸಿಲು ಕೆರಳಿದ ಒಂದು ಮಧ್ಯಾಹ್ನ, ಕರೆಯದಿದ್ದರೂ ಹೋದೆ. ಮಾಸ್ತರರು ಊರುಗೋಲು ಹಿಡಿದು ಪಡಸಾಲೆಯ ಟೈಲ್‌ಗಳನ್ನು ಒಂದೊಂದಾಗಿ ತಟ್ಟುತ್ತಿದ್ದರು. ವಾರಕ್ಕೊಮ್ಮೆ ತಟ್ಟುತ್ತಾರಂತೆ, ಹಾಜರಿ ಹಾಕಿದಂತೆ. ಎಲ್ಲವೂ ಟಕ್ ಟಕ್ ಎಂದವು. ಮೂಲೆಯ ಒಂದು ಮಾತ್ರ ಕುಂಬಳದ ಸದ್ದು ಮಾಡಿತು. ಮೊದಲ ದಿನ ಸುರುಳಿ ಅಂಟಿನ ಮೇಲೆ ಕೂರಿಸಿದ ಐದರಲ್ಲಿ ನಾಲ್ಕನ್ನು ಎತ್ತಿ ಮತ್ತೆ ಕೂರಿಸಿದ್ದೆವು. ಇದನ್ನು ಎತ್ತಿರಲಿಲ್ಲ. ಹೊತ್ತಾಗಿತ್ತು, ಬಿಸಿಲೇರಿತ್ತು, ಇರಲಿ ಎಂದವನು ನಾನೇ. "ಇದೊಂದು ಹಾಜರಿ ಹೇಳುವುದಿಲ್ಲ" ಎಂದರು ಮಾಸ್ತರರು. ಅದರ ಮೂಲೆಗೆ ಪೆನ್ಸಿಲ್‌ನಿಂದ ಸಣ್ಣ ಗುರುತು ಹಾಕಿ ಬಂದೆ.